ಮೈದುನ ಮೆಟ್ಟಿಲು ಹತ್ತಿದ್ದು

ಆ ಮನೆಯಲ್ಲಿ ದುಡಿಯುವವರು ಇಬ್ಬರು, ದುಡಿಯದವರು ಇಬ್ಬರು. ಮನೆ ನಡೆಯುತ್ತಿದ್ದದ್ದು ಮಾತ್ರ ದುಡಿಯದವರ ದುಡ್ಡಿನಲ್ಲಿ.

ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಕೆಲಸ ಸಿಕ್ಕರೆ ಮೈಮೇಲೆಲ್ಲ ಬಣ್ಣ, ಸಿಗದಿದ್ದರೆ ಕಿಟಕಿ ಪಕ್ಕ ಕೂತು ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದ. ಹೆಂಡತಿ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಅರ್ಧ ದಿನ ನಿಂತು ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮೈದುನ ಕರೆದೂ ಕರೆದೂ ಅವಳು ಕೆಳಮನೆಯವರಿಗೂ ಲಾಂಡ್ರಿಯವರಿಗೂ ಅತ್ತಿಗೆಯೇ ಆಗಿಬಿಟ್ಟಿದ್ದಳು. ಲಾಂಡ್ರಿಯ ಮಾಲೀಕ, ಅವಳಿಗಿಂತ ಹದಿನೈದು ವರ್ಷ ದೊಡ್ಡವನು, ಅವನೂ ‘ಅತ್ತಿಗೆ, ಇವತ್ತು ದಿಂಬಿನ ಕವರು ಜಾಸ್ತಿ ಇದೆ’ ಅನ್ನುತ್ತಿದ್ದ.

ಮಾವ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಅವನ ಪಿಂಚಣಿಯಲ್ಲಿ ಮನೆಯ ಊಟ, ಕರೆಂಟು, ಗ್ಯಾಸು. ಪಿಂಚಣಿ ತಾನಾಗಿ ಬ್ಯಾಂಕಿಗೆ ಬಂದು ಬೀಳುತ್ತಿದ್ದರೂ ಆ ದಿನ ಅವನು ಗಡ್ಡ ಬೋಳಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಖುದ್ದಾಗಿ ಹೋಗಿ ಬರಬೇಕು. ಬಂದ ಮೇಲೆ ಒಂದು ವಾರ ಮನೆಯಲ್ಲಿ ಅವನ ಗಂಟಲು ಒಂದು ಸುತ್ತು ಮೇಲೆ. ತಿಂಗಳ ಕೊನೆಗೆ ಅದೇ ಗಂಟಲು ‘ಚಹಾ ಉಳಿದಿದ್ರೆ ಕೊಡಮ್ಮ, ಇಲ್ದಿದ್ರೆ ಬೇಡ’ ಅನ್ನುವಷ್ಟು ಇಳಿಯುತ್ತಿತ್ತು.

ಮನೆ ಬಾಡಿಗೆ ಮೈದುನನದು. ಮೈದುನ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಒಂದು ಕಟ್ಟಡದಲ್ಲಿ ಲಿಫ್ಟಿನ ಗುಂಡಿಗೆ ಬಿದ್ದು ಸೊಂಟದ ಮೂಳೆ, ಎಡಗಾಲು ಎರಡೂ ಮುರಿದುಕೊಂಡ. ಮದುವೆ ಮಾತುಕತೆ ನಡೆಯುತ್ತಿತ್ತು, ಅದೂ ಅಲ್ಲಿಗೇ ಬಿತ್ತು. ಅಂದಿನಿಂದ ಸರ್ಕಾರದ ಅಂಗವಿಕಲರ ಭತ್ಯೆ. ಅವನನ್ನು ನೋಡಿಕೊಳ್ಳುವವರಿಗೆಂದು ಒಂದು ಸಣ್ಣ ಆರೈಕೆ ಭತ್ಯೆಯೂ ಬರುತ್ತಿತ್ತು, ಅದು ಅತ್ತಿಗೆಯ ಹೆಸರಿಗೆ. ಅದಕ್ಕಾಗಿಯೇ ಅವಳು ಲಾಂಡ್ರಿಯ ಪೂರ್ತಿ ದಿನದ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಂಡಿದ್ದು. ಲಾಂಡ್ರಿ ಸಂಬಳ ಸಾಲ ಕೊಟ್ಟವರ ಕೈಗೆ ಹೋಗುತ್ತಿತ್ತು. ಆರೈಕೆ ಭತ್ಯೆಯೊಂದೇ ಅವಳ ಸ್ವಂತದ್ದು. ಅದರಲ್ಲಿ ಚಪ್ಪಲಿ ಕೊಂಡಿದ್ದಳು, ಹಲ್ಲು ಕೀಳಿಸಿಕೊಂಡಿದ್ದಳು, ಅಕ್ಕನ ಊರಿಗೆ ಒಂದು ಸಲ ಹೋಗಿ ಬಂದಿದ್ದಳು. ಗಂಡನಿಗೆ ಲೆಕ್ಕ ಒಪ್ಪಿಸದ ದುಡ್ಡು ಅದು.

ಹಾಗಂತ ಆರೈಕೆ ಪುಕ್ಕಟೆಯಲ್ಲ. ಬೆಳಗ್ಗೆ ಎದ್ದು ಮಾವನಿಗೆ ಬಿಸಿನೀರು, ಮೈದುನನಿಗೆ ಶಾಖ, ಗಂಡನಿಗೆ ಡಬ್ಬಿ. ಆಮೇಲೆ ಲಾಂಡ್ರಿಯ ಹಬೆ. ಮಧ್ಯಾಹ್ನ ಬಂದವಳೇ ಮೈದುನನ ಕಾಲಿಗೆ ಎಣ್ಣೆ, ಸ್ನಾನದ ಮನೆಯವರೆಗೆ ಹೆಗಲು, ಒದ್ದೆ ನೆಲ ಒರೆಸುವುದು. ಸಂಜೆ ಹೊತ್ತಿಗೆ ಅವಳ ಮೊಣಕಾಲು ಊದಿ ಬನ್ನಿನ ಹಾಗಾಗಿರುತ್ತಿತ್ತು. ‘ನನ್ನ ಕಾಲಿಗೂ ಒಂದು ಭತ್ಯೆ ಬರೆಸಿಕೊಡಿ’ ಎಂದು ತಮಾಷೆ ಮಾಡುತ್ತಿದ್ದಳು. ಮೊದಮೊದಲು ಎಲ್ಲರೂ ನಗುತ್ತಿದ್ದರು.

ಒಂದು ದಿನ ಲಾಂಡ್ರಿಯ ದೊಡ್ಡ ರೋಲರ್ ಕೆಟ್ಟು ನಿಂತಿತು. ರಿಪೇರಿಯವನು ಬರುವವರೆಗೆ ಕೆಲಸವಿಲ್ಲ, ಮನೆಗೆ ಹೋಗಿ ಎಂದು ಮಾಲೀಕ ಎಲ್ಲರನ್ನೂ ಕಳಿಸಿಬಿಟ್ಟ. ಅತ್ತಿಗೆ ನಡು ಬೆಳಗಿನಲ್ಲಿ ಕಟ್ಟಡದ ಬಾಗಿಲು ದಾಟಿ ಒಳಗೆ ಬಂದಳು. ಅವರ ಮನೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಮೈದುನನ ಎರಡೂ ಊರುಗೋಲು ಗೋಡೆಗೆ ಒರಗಿದ್ದವು. ಬಿದ್ದನೇನೋ ಎಂದುಕೊಂಡಳು. ತಲೆ ಎತ್ತಿ ನೋಡಿದಳು.

ಮೈದುನ ಮೆಟ್ಟಿಲು ಹತ್ತುತ್ತಿದ್ದ. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ, ಹಗ್ಗದ ಮೇಲೆ ನಡೆಯುವವನ ಹಾಗೆ. ಒಂದು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದ, ಉಸಿರು ಎಳೆದುಕೊಳ್ಳುತ್ತಿದ್ದ, ಮತ್ತೆ ಹತ್ತುತ್ತಿದ್ದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಇದು ಮೊದಲ ಸಲವಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು. ಎಲ್ಲಿ ಕಂಬಿ ಸಡಿಲ, ಎಲ್ಲಿ ಮೆಟ್ಟಿಲು ಸವೆದಿದೆ ಎಂಬುದು ಕಾಲಿಗೆ ಗೊತ್ತಿತ್ತು.

ಅವಳಿಗೆ ಸಂತೋಷವಾಗಬೇಕಿತ್ತು. ಆಸ್ಪತ್ರೆಯಲ್ಲಿ ಇವನು ಇನ್ನು ಏಳುವುದೇ ಇಲ್ಲ ಅಂದಾಗ ಗಂಡನಿಗಿಂತ ಹೆಚ್ಚು ಅತ್ತವಳು ಅವಳೇ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಆದದ್ದು ಹೆದರಿಕೆ. ಯಾರಾದರೂ ನೋಡಿದರೆ? ಕೆಳಮನೆಯವಳ ಬಾಯಿಗೆ ಬಾಗಿಲಿಲ್ಲ. ಬಾಡಿಗೆಗೆ ಏನು ಮಾಡುವುದು? ಇವಿಷ್ಟೂ ಒಂದರ ಹಿಂದೆ ಒಂದು ಬಂದುಹೋದ ಮೇಲೆ, ತಾನು ಯೋಚಿಸಿದ್ದೇನು ಎಂಬುದು ಅರಿವಾಗಿ ಅವಳ ಮುಖ ಬಿಸಿಯಾಯಿತು. ಅವಳು ಸದ್ದಿಲ್ಲದೆ ಹೊರಗೆ ಹೋದಳು. ಬೇಡದಿದ್ದರೂ ಒಂದು ಬ್ರೆಡ್ಡು ಕೊಂಡಳು. ಸಾಕಷ್ಟು ಹೊತ್ತು ಬಿಟ್ಟು, ಬಾಗಿಲನ್ನು ಬೇಕೆಂದೇ ದಡಾರನೆ ತಳ್ಳಿ ಒಳಗೆ ಬಂದಳು.

ಮರುದಿನ, ಅದರ ಮರುದಿನ ಮೈದುನ ಹಾಸಿಗೆ ಬಿಟ್ಟು ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಚಳಿಗೆ ಹೀಗಾಗಿದೆ ಎಂದ. ಅವಳೂ ಹೌದು, ಚಳಿಯೇ ಎಂದು ಬಿಸಿನೀರಿನ ಚೀಲ ತುಂಬಿ ಕೊಟ್ಟಳು. ಅವನು ಅವಳ ಕೈಯನ್ನೇ ನೋಡುತ್ತಿದ್ದ, ಮುಖ ನೋಡಲಿಲ್ಲ. ಅವಳು ನೋಡಿದ್ದು ಅವನಿಗೆ ಗೊತ್ತಾಗಿತ್ತು. ಬೇಡದ ಬ್ರೆಡ್ಡೇ ಹೇಳಿಬಿಟ್ಟಿತೋ ಏನೋ.

ಅದಾಗಿ ಸ್ವಲ್ಪ ದಿನಕ್ಕೆ ಕಚೇರಿಯಿಂದ ಕರೆ ಬಂತು. ಭತ್ಯೆ ಪಡೆಯುವವರನ್ನೆಲ್ಲ ಮತ್ತೆ ತಪಾಸಣೆ ಮಾಡುತ್ತಾರಂತೆ, ಆರೈಕೆ ಮಾಡುವವರೂ ಜೊತೆಗೆ ಬರಬೇಕಂತೆ. ಮಾವ ಅದನ್ನು ಕೇಳಿ ಕುರ್ಚಿಯಲ್ಲಿ ನೆಟ್ಟಗಾದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ, ಕಾಲು ಕಾಣಲ್ವಾ ಇವರಿಗೆ ಎಂದು ಗೊಣಗಿದ. ಗೊಣಗಿದ ಮೇಲೆ ತಯಾರಿ ಶುರುಮಾಡಿದ. ಊಟದ ಮೇಜನ್ನು ಡಾಕ್ಟರ ಮೇಜು ಮಾಡಿಕೊಂಡು ತಾನೇ ಡಾಕ್ಟರಾಗಿ ಕೂತ. ಬಾಗಿಲಿಂದ ಹೀಗೆ ಬಾ, ಇಲ್ಲಿ ನಿಂತು ಉಸಿರು ಬಿಡು, ಕೂರುವಾಗ ಒಂದು ಸಲ ‘ಅಮ್ಮಾ’ ಅನ್ನು, ಎರಡು ಸಲ ಅಂದರೆ ನಾಟಕ ಅಂದುಕೊಳ್ತಾರೆ ಎಂದು ಹೇಳಿಕೊಟ್ಟ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಮಗನ ಊರುಗೋಲನ್ನೂ ಗೇರಿನ ಹಾಗೆ ಹಿಡಿದು ತೋರಿಸುವ ಹುಮ್ಮಸ್ಸು. ಗಂಡ ನಗುತ್ತ ನೋಡುತ್ತಿದ್ದ. ತಮ್ಮನ ಮುಖ ಕಂಡು ನಗು ನಿಲ್ಲಿಸಿದ.

“ಯಾರೂ ಸುಳ್ಳು ಹೇಳು ಅಂತಿಲ್ಲ ಕಣೋ,” ಅಂದ ಗಂಡ. “ನಿಜಾನೇ ಸ್ವಲ್ಪ ನಿಧಾನವಾಗಿ ಹೇಳು.”

ಮೈದುನ ಎದ್ದು ಹೋದ. ಹೋಗುವಾಗ ಎರಡೂ ಊರುಗೋಲು ಹಿಡಿದೇ ಹೋದ.

ಒಂದು ಮಧ್ಯಾಹ್ನ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತನ್ನ ಹಳೇ ಮೇಸ್ತ್ರಿ ಸಿಕ್ಕಿದ್ದ ಎಂದ. ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಲಿಫ್ಟಿನ ಬಟನ್ ಪೆಟ್ಟಿಗೆಗಳಿಗೆ ವೈರ್ ಜೋಡಿಸಲು ಒಬ್ಬ ಬೇಕಂತೆ. ಕೂತು ಮಾಡುವ ಕೆಲಸ. ಆದರೆ ವರ್ಕ್‌ಶಾಪಿಗೆ ಹತ್ತಬೇಕಾದ ಮೆಟ್ಟಿಲು ಇದೆ. ಸಂಬಳ ಭತ್ಯೆಗಿಂತ ತುಸು ಹೆಚ್ಚಿರಬಹುದು, ಆದರೆ ಭತ್ಯೆಯ ಹಾಗೆ ಗ್ಯಾರಂಟಿ ಇಲ್ಲ. ಆರ್ಡರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ಹೇಳಿ ಅವಳ ಮಾತಿಗೆ ಕಾದ.

ಅವಳು ಕಣ್ಣೊರೆಸಿಕೊಂಡು, ಈರುಳ್ಳಿ ಖಾರ ಇದೆ ಎಂದಳು. ಆಮೇಲೆ, ನೋಡೋಣ, ತಪಾಸಣೆ ಒಂದು ಮುಗೀಲಿ ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಬೆಳಕು ಯಾವ ಕಡೆಗೂ ಸರಿಯಾಗಿ ಬೀಳಲಿಲ್ಲ. ಅವನು ತಲೆಯಾಡಿಸಿ ಹೋದ. ಅತ್ತಿಗೆ ಮಾತ್ರ ಚಾಕು ಹಿಡಿದುಕೊಂಡೇ ನಿಂತಳು. ಹೋಗಪ್ಪ ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲು ಮನಸ್ಸು ಬರಲಿಲ್ಲ. ಹತ್ತು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದವಳು ತಾನು. ಅದು ನೆಟ್ಟಗಾಗಲಿ ಎಂದು ತಿಕ್ಕಿದೆನೋ, ಹೀಗೇ ಇರಲಿ ಎಂದೋ ಎಂದು ತನ್ನನ್ನೇ ಕೇಳಿಕೊಂಡಳು. ಎಣ್ಣೆ ತಿಕ್ಕುವಾಗ ಯಾರು ಏನು ಯೋಚಿಸುತ್ತಾರೆ, ಕೈ ನೋಯುತ್ತಿರುತ್ತದೆ, ಬೇಗ ಮುಗಿದರೆ ಸಾಕು ಅನ್ನಿಸುತ್ತಿರುತ್ತದೆ, ಅಷ್ಟೇ.

ತಪಾಸಣೆಯ ದಿನ ಗಂಡ ತಮ್ಮನನ್ನು ಹಿಡಿದು ಕೆಳಗಿಳಿಸಿದ ಮೇಲೆ ಅತ್ತಿಗೆ, ಮೈದುನ ಇಬ್ಬರೂ ಬಸ್ಸಿನಲ್ಲಿ ಹೋದರು. ಕಚೇರಿಯ ಉದ್ದ ಹಜಾರದಲ್ಲಿ ಗೋಡೆಗುಂಟ ಬೆಂಚುಗಳು, ಬೆಂಚಿನ ತುಂಬ ಜನ. ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮುದುಕಿ, ಗಾಲಿಕುರ್ಚಿಯಲ್ಲಿ ನಿದ್ದೆ ಹೋದ ಹುಡುಗಿ, ಅವಳ ಪಕ್ಕದಲ್ಲಿ ನಿದ್ದೆ ಹೋದ ಅವಳ ತಾಯಿ. ಯಾರೂ ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದರೂ ಮೆಲ್ಲಗೆ, ತಮ್ಮ ನೋವು ಪಕ್ಕದವರದಕ್ಕಿಂತ ಕಡಿಮೆಯಾಗಿ ಕಂಡುಬಿಟ್ಟೀತು ಅನ್ನುವ ಹಾಗೆ.

ಒಳಗಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಬೆಳಗಿನಿಂದ ಜನರನ್ನು ನೋಡಿ ನೋಡಿ ಕಣ್ಣು ಕೆಂಪಾಗಿತ್ತು. ಒರಟಾಗಿ ಮಾತಾಡಲಿಲ್ಲ. ಕಾಲು ಮಡಚಿಸಿದಳು, ನೀಡಿಸಿದಳು, ಎಲ್ಲಿ ನೋವು ಎಂದು ಒತ್ತಿ ನೋಡಿದಳು. ಹಳೇ ಎಕ್ಸ್‌ರೇ ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದಳು. ಪ್ರಶ್ನೆ ಕೇಳುತ್ತ ಕಂಪ್ಯೂಟರಿನಲ್ಲಿ ಒತ್ತುತ್ತ ಹೋದಳು. ಸ್ನಾನಕ್ಕೆ ಸಹಾಯ ಬೇಕಾ, ಎಷ್ಟು ಹೊತ್ತು ಕೂರಬಲ್ಲ, ನಿದ್ದೆ ಹೇಗೆ. ಎಲ್ಲದಕ್ಕೂ ಮೈದುನ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಡಾಕ್ಟರಮ್ಮ ಅತ್ತಿಗೆಯ ಕಡೆ ತಿರುಗಿದಳು.

“ನೋಡ್ಕೊಳ್ಳೋರು ನೀವು ತಾನೆ? ಮೆಟ್ಟಿಲು ಹತ್ತೋಕೆ ಆಗುತ್ತಾ ಇವರಿಗೆ?”

ಒಂದೊಂದು ದಿನ ಹತ್ತುತ್ತಾನೆ, ಹತ್ತಿದರೆ ಎರಡು ದಿನ ಮಲಗುತ್ತಾನೆ ಎಂದು ಹೇಳಬೇಕೆಂದುಕೊಂಡಿದ್ದಳು ಅವಳು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ್ದಳು. ಆದರೆ ಕಂಪ್ಯೂಟರಿನ ಮೇಲೆ ಕೈ ಇಟ್ಟು ಕಾಯುತ್ತಿದ್ದ ಡಾಕ್ಟರಮ್ಮನನ್ನು ನೋಡಿದಾಗ ಅಷ್ಟು ಉದ್ದದ ಉತ್ತರಕ್ಕೆ ಅಲ್ಲಿ ಜಾಗವಿಲ್ಲ ಅನ್ನಿಸಿತು.

“ಆಗಲ್ಲ,” ಅಂದಳು.

“ಆಗುತ್ತೆ,” ಅಂದ ಮೈದುನ.

ಡಾಕ್ಟರಮ್ಮ ಇಬ್ಬರನ್ನೂ ನೋಡಿದಳು. ಅತ್ತಿಗೆಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಮೈದುನ ಹೇಳುತ್ತಲೇ ಹೋದ. ತಾನು ಮೆಟ್ಟಿಲು ಹತ್ತುವುದು ಅತ್ತಿಗೆಗೆ ಗೊತ್ತಿಲ್ಲ, ಅವರು ಕೆಲಸಕ್ಕೆ ಹೋದಾಗ ಅಭ್ಯಾಸ ಮಾಡುತ್ತೇನೆ, ಎರಡು ಮಹಡಿ ಹತ್ತುತ್ತೇನೆ, ಆಮೇಲೆ ನೋವು ಬರುತ್ತದೆ ಎಂದ. ಅವಳಿಗೆ ಗೊತ್ತಿಲ್ಲ ಎಂದದ್ದು ಸುಳ್ಳು. ಅವಳ ಸುಳ್ಳನ್ನು ಮುಚ್ಚಲು ಅವನೊಂದು ಸುಳ್ಳು ಹೇಳಿದ್ದ. ಡಾಕ್ಟರಮ್ಮ ಇನ್ನೇನೂ ಕೇಳಲಿಲ್ಲ. ಒಳ್ಳೇದು, ಅಭ್ಯಾಸ ಬಿಡಬೇಡಿ ಎಂದು ಹೇಳಿ ಮುಂದಿನವರನ್ನು ಕರೆದಳು.

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದು ನಿಂತರು. ಅವಳಿಗೆ ಅಳು ಬರುತ್ತಿತ್ತೋ ಸಿಟ್ಟು ಬರುತ್ತಿತ್ತೋ ಅವಳಿಗೇ ತಿಳಿಯದು. ಕೊನೆಗೆ ಸಿಟ್ಟೇ ಮುಂದೆ ಬಂತು.

“ಅಷ್ಟು ಜನರಿಗೆ ಅನ್ನ ಹಾಕೋ ವಿಷಯ. ಒಂದು ಮಾತು ನನ್ನ ಕೇಳಬಹುದಿತ್ತಲ್ಲ.”

“ಕೇಳೋಕೆ ಬಂದಿದ್ನಲ್ಲ ಅತ್ತಿಗೆ. ಈರುಳ್ಳಿ ಖಾರ ಅಂದ್ರಿ.”

ಅವಳು ಮುಖ ತಿರುಗಿಸಿದಳು. ಅವನು ಮತ್ತೆ ಹೇಳಿದ: “ಇನ್ನೊಂದು ಸಲ ಕೇಳಿದ್ರೆ ಹೋಗು ಅಂತಾನೇ ಅಂತಿದ್ರಿ. ನಂಗೊತ್ತು. ಆಮೇಲೆ ಮನೇಲಿ ಏನೇ ಕಡಿಮೆಯಾದ್ರೂ ಆ ಮಾತು ನಿಮ್ಮ ತಲೆ ಮೇಲೆ ಬರ್ತಿತ್ತು. ಈಗ ನನ್ನ ತಲೆ ಮೇಲಿದೆ. ಇರ್ಲಿ ಬಿಡಿ.”

“ಬಾಡಿಗೆ?”

“ಗೊತ್ತಿಲ್ಲ,” ಅಂದ. “ಆದ್ರೆ ನಾನು ಹುಷಾರಾದೆ ಅಂತ ಮನೇಲಿ ಎಲ್ರೂ ಹೆದರ್ಕೊಂಡು ಕೂತಿರೋದನ್ನ ನೋಡೋಕಾಗಲ್ಲ ನನ್ಕೈಲಿ.”

ಬಸ್ಸು ಬಂತು. ಅವನು ಹತ್ತುವಾಗ ಎಂದಿನಂತೆ ಅವಳ ಕೈ ತಾನಾಗಿ ಅವನ ಮೊಣಕೈ ಕೆಳಗೆ ಹೋಯಿತು. ಅವನು ಬೇಡ ಅನ್ನಲಿಲ್ಲ.

ಭತ್ಯೆ ನಿಲ್ಲಲಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿಯಿತು. ಆರೈಕೆ ಭತ್ಯೆ ಪೂರ್ತಿ ನಿಂತಿತು. ಸುದ್ದಿ ಬಂದ ದಿನ ಗಂಡ, ಹೋಗಲಿ ಬಿಡು, ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಎಂದ. ಹಾಸಿಗೆ ಮೊದಲೇ ಗೇಣುದ್ದ ಇತ್ತಲ್ಲ ಎಂದು ಅವಳ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಮಾವ ಮಾತ್ರ ಚಿಕ್ಕ ಮಗನ ಜೊತೆ ಮಾತು ಬಿಟ್ಟ. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿದ ಮೂರ್ಖ ಎಂದು ಅವಳ ಮುಂದೆ ಹೇಳಿಕೊಂಡ. ಈಗ ಬಾಡಿಗೆಯ ದೊಡ್ಡ ಪಾಲು ಅವನ ಪಿಂಚಣಿಯಿಂದಲೇ ಹೋಗುತ್ತಿತ್ತು. ಊಟಕ್ಕೆ ಉಳಿದದ್ದು ಕಡಿಮೆ. ಬ್ಯಾಂಕಿಗೆ ಹೋಗುವ ದಿನ ಅವನು ಈಗ ಗಡ್ಡ ಬೋಳಿಸುತ್ತಿರಲಿಲ್ಲ. ಬಂದ ಮೇಲೆ ಗಂಟಲೂ ಏರುತ್ತಿರಲಿಲ್ಲ. ಅವಳಿಗೆ ಆ ಏರುಗಂಟಲೇ ಚೆನ್ನಾಗಿತ್ತು ಅನ್ನಿಸಿತು.

ಮೈದುನ ಮೇಸ್ತ್ರಿಯ ವರ್ಕ್‌ಶಾಪಿಗೆ ಸೇರಿದ. ಮೊದಲ ವಾರ ಹುಡುಗನ ಹಾಗೆ ಉತ್ಸಾಹದಿಂದ ಹೋದ. ಎರಡನೆಯ ವಾರ ಹಲ್ಲು ಕಚ್ಚಿಕೊಂಡು ಹೋದ. ಮೂರನೆಯ ವಾರದ ನಡುವೆ ಮೇಸ್ತ್ರಿಯೇ ಅವನನ್ನು ಆಟೋದಲ್ಲಿ ಕರೆದುಕೊಂಡು ಬಂದ; ಅವನೂ ಆಟೋದವನೂ ಸೇರಿ ಮೇಲೆ ಎತ್ತಿಕೊಂಡು ಬಂದು ಮಲಗಿಸಿದರು. ಮಾವ ಬಾಗಿಲಲ್ಲಿ ನಿಂತು ನೋಡಿದ. ‘ಹೇಳಿರಲಿಲ್ವಾ’ ಎಂದು ಅವನು ಅಂದೇ ಅನ್ನುತ್ತಾನೆ ಎಂದು ಎಲ್ಲರೂ ಕಾದರು. ಅವನು ಒಳಗೆ ಹೋಗಿ, ತನ್ನ ಮೊಣಕಾಲಿಗೆಂದು ಇಟ್ಟುಕೊಂಡಿದ್ದ ಮುಲಾಮು ತಂದು ಹಾಸಿಗೆಯ ಮೇಲೆ ಎಸೆದು ಹೋದ. ಮಾತು ಮಾತ್ರ ಆಡಲಿಲ್ಲ.

ಮೇಸ್ತ್ರಿ ಒಳ್ಳೆಯವನು, ಆದರೆ ಧರ್ಮಛತ್ರ ನಡೆಸುವವನಲ್ಲ. ಪೂರ್ತಿ ದಿನ ಬೇಡ, ಮಧ್ಯಾಹ್ನದವರೆಗೆ ಬಾ, ಕೆಲಸ ಆದಷ್ಟಕ್ಕೆ ಕೂಲಿ ಎಂದ. ಮೈದುನ ಅದಕ್ಕೂ ಒಪ್ಪಿದ. ಉಳಿದ ಭತ್ಯೆ, ಅರ್ಧ ದಿನದ ಕೂಲಿ, ಎರಡೂ ಸೇರಿ ಮೊದಲಿನಷ್ಟು ಆಗಲಿಲ್ಲ.

ಅತ್ತಿಗೆ ಲಾಂಡ್ರಿ ಮಾಲೀಕನ ಬಳಿ ಹೋಗಿ ಪೂರ್ತಿ ದಿನದ ಕೆಲಸ ಕೇಳಿದಳು. ಇಸ್ತ್ರಿ ಮೇಜಿನಲ್ಲಿ ಜಾಗವಿಲ್ಲ, ಮಧ್ಯಾಹ್ನ ಒಗೆಯುವ ಕಡೆ ಹೋಗುತ್ತೀರಾ ಎಂದ ಅವನು. ಒಗೆಯುವ ಕಡೆ ಎಂದರೆ ಒದ್ದೆ ಹಾಸುಗಳನ್ನು ಯಂತ್ರದಿಂದ ಎಳೆದು ಗಾಡಿಗೆ ತುಂಬುವುದು. ಆಳು ಭಾರದ ಹಾಸುಗಳು. ಹೋಗುತ್ತೇನೆ ಎಂದಳು. ಗಂಡ ಬ್ರಷ್ಷು ಎತ್ತಿಟ್ಟು, ರಸ್ತೆಗೆ ಬಿಳಿ ಗೆರೆ ಹಾಕುವ ಗುತ್ತಿಗೆದಾರನ ಕೆಳಗೆ ದಿನಗೂಲಿಗೆ ಸೇರಿದ. ಗೋಡೆಗೆ ಬಣ್ಣ ಬಳಿಯುವವನು ರಸ್ತೆಗೆ ಬಳಿಯುವುದು ಅವನಿಗೆ ಇಳಿತವೇ. ಅದನ್ನೂ ಅವನು ಬಾಯಿಬಿಟ್ಟು ಹೇಳಲಿಲ್ಲ.

ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಯಲ್ಲಿ ಮಾವ ಒಬ್ಬನೇ ಆದ. ಊಟ ತಾನೇ ಬಿಸಿ ಮಾಡಿಕೊಳ್ಳಲು ಹೋಗಿ ಎರಡು ಪಾತ್ರೆ ಸುಟ್ಟ. ಬಸ್ಸು ಓಡಿಸುವುದು ಸುಲಭ, ಈ ಒಲೆಗೆ ಬ್ರೇಕೇ ಇಲ್ಲ ಎಂದು ದೂರಿದ. ಚಳಿ ಜೋರಾದಾಗ ಅವನಿಗೆ ಕೆಮ್ಮು ಹಿಡಿಯಿತು. ಗೊರಗುಟ್ಟುವ ಕೆಮ್ಮು, ಗೋಡೆಯಾಚೆಗೂ ಕೇಳುವಂಥದ್ದು. ಅದು ಶುರುವಾದಾಗಲೆಲ್ಲ ಅತ್ತಿಗೆಯ ಕೈ ಕೆಲಸ ಬಿಟ್ಟು ನಿಲ್ಲುತ್ತಿತ್ತು. ಮಾವನ ಮೇಲೆ ಅವಳಿಗೆ ಅಕ್ಕರೆ ಇರಲಿಲ್ಲವೆಂದಲ್ಲ. ಅವಳು ಈ ಮನೆಗೆ ಬಂದಾಗ, ಮೊದಲ ಜಗಳದಲ್ಲಿ ಗಂಡನನ್ನು ಬಿಟ್ಟು ಅವಳ ಪರ ಮಾತಾಡಿದವನು ಅವನೇ. ಆದರೆ ಮುದುಕ ಹೋದರೆ ಪಿಂಚಣಿಯೂ ಹೋಗುತ್ತದೆ. ಅತ್ತೆ ಇದ್ದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು, ಅವಳು ಹೋಗಿ ಬಹಳ ಕಾಲವಾಗಿತ್ತು. ಕೆಮ್ಮು ಕೇಳಿದಾಗ ಈ ಎರಡು ಯೋಚನೆಯೂ ಅವಳ ತಲೆಗೆ ಒಟ್ಟಿಗೇ ಬರುತ್ತಿದ್ದವು. ಯಾವುದು ಮೊದಲು ಬಂತು ಎಂದು ಹೇಳಲು ಅವಳಿಂದಾಗುತ್ತಿರಲಿಲ್ಲ.

ಒಂದು ದಿನ ಲಾಂಡ್ರಿಗೆ ರಜೆ ಹಾಕಿ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಅವನು ಬರಲು ಒಪ್ಪಿರಲಿಲ್ಲ. ಒಂದು ದಿನದ ಕೂಲಿ ಕಳೆದುಕೊಂಡು ಕೆಮ್ಮು ತೋರಿಸುವುದೇನಿದೆ ಎಂದು ಹಠ ಮಾಡಿದ್ದ. ಸರದಿಗಾಗಿ ಕಾಯುತ್ತ ಕೂತಾಗ ಅವಳು ಅವನ ಕೊರಳಿಗೆ ಮಫ್ಲರ್ ಬಿಗಿ ಮಾಡಿದಳು. ಅವನು ಅವಳ ಕೈಯನ್ನು, ಸೋಡಾಪುಡಿಗೆ ಬಿರಿದ ಬೆರಳುಗಳನ್ನು ನೋಡಿದ.

“ನಿಜ ಹೇಳು,” ಅಂದ. “ಚಿಂತೆ ನನ್ನದೋ, ನನ್ನ ಪೆನ್ಶನ್‌ದೋ?”

ಅವಳಿಗೆ ಸುಳ್ಳು ಹೇಳುವಷ್ಟು ಶಕ್ತಿ ಇರಲಿಲ್ಲ. “ಎರಡೂ ಮಾವ,” ಅಂದಳು.

ಅವನು ನಗಲು ಶುರುಮಾಡಿದ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತವರು ಗಾಬರಿಯಿಂದ ನೋಡಿದರು. ಅವಳು ಅವನ ಬೆನ್ನು ತಟ್ಟುತ್ತ ತಾನೂ ನಕ್ಕಳು. ನಗದೆ ಎಷ್ಟು ದಿನವಾಗಿತ್ತೋ ಏನೋ, ದವಡೆ ನೋಯಿತು.

“ಆ ಚಿಕ್ಕೋನು,” ಅಂದ ಅವನು ಉಸಿರು ಸಿಕ್ಕ ಮೇಲೆ, “ನಿನ್ನೆ ಮೆಟ್ಟಿಲು ಹತ್ತಿ ಬರೋ ಸದ್ದು ಕೇಳ್ತಾ ಇದ್ದೆ. ಮಧ್ಯದಲ್ಲಿ ನಿಂತ್ಬಿಟ್ಟ. ನಾನೂ ಉಸಿರು ಹಿಡ್ಕೊಂಡು ಕೂತೆ. ಮತ್ತೆ ಹತ್ತಿದ.”

“ಮಾತಾಡಿ ಅವನ ಜೊತೆ.”

“ಆಡ್ತೀನಿ. ಏನು ಆಡೋದು ಅಂತ ಗೊತ್ತಾಗ್ಬೇಕಲ್ಲ ಮೊದಲು.”

ಡಾಕ್ಟರು ಎದೆಗೆ ಕಫ ಕಟ್ಟಿದೆ, ಹೆದರುವಂಥದ್ದೇನಿಲ್ಲ ಎಂದು ಔಷಧಿ ಬರೆದರು. ಮನೆಗೆ ಬಂದಾಗ ಮೈದುನ ಕೆಲಸದಿಂದ ಬಂದಿದ್ದ. ಅವಳು ಒಳಗೆ ಬಂದವಳು ಕುರ್ಚಿಯಲ್ಲಿ ಕುಸಿದು, ಚಪ್ಪಲಿಯನ್ನೂ ಬಿಚ್ಚದೆ ಕಾಲು ಚಾಚಿದಳು. ಎದ್ದು ಚಹಾ ಇಡಬೇಕು ಅನ್ನಿಸಿತು, ಎದ್ದೇಳಲಿಲ್ಲ. ಮಾವ ಮಫ್ಲರ್ ಬಿಚ್ಚುತ್ತ ಬಾಗಿಲ ಬಳಿಯೇ ನಿಂತಿದ್ದ. ಮೈದುನ ಒಂದು ಕೈಯಲ್ಲಿ ಅಡುಗೆ ಕಟ್ಟೆಯ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಒಲೆ ಹಚ್ಚಿ, ಪಾತ್ರೆಗೆ ನೀರು ಹಾಕುತ್ತಿದ್ದ.

“ಉರಿ ಸಣ್ಣ ಮಾಡೋ,” ಅಂದ ಮಾವ. “ತಳ ಹಿಡಿಯುತ್ತೆ.”

ತಿಂಗಳುಗಳ ಮೇಲೆ ಅವನು ಮಗನಿಗೆ ಆಡಿದ ಮೊದಲ ಮಾತು ಅದು. ಮೈದುನ ತಿರುಗಿ ನೋಡದೆ ಉರಿ ಸಣ್ಣ ಮಾಡಿದ. ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ನಾಳೆ ಒಗೆಯುವ ಕಡೆ ಎರಡು ಆಸ್ಪತ್ರೆಯ ಹಾಸು ಬರುತ್ತವೆ ಎಂದು ಮಾಲೀಕ ಹೇಳಿದ್ದು ನೆನಪಾಯಿತು. ಚಹಾ ಆಗುವವರೆಗೆ ಅದನ್ನು ಯೋಚಿಸುವುದು ಬೇಡ ಅಂದುಕೊಂಡಳು.